ಹಿಮದಲ್ಲಿ ಮೆಟ್ಟಿಲು ಕಡಿಯುವವನು

“ಗುರುಗಳೇ, ಮಾಡಿದ ಕೆಲಸದ ಬಗ್ಗೆ ಹೆಮ್ಮೆಪಡುವುದು ತಪ್ಪೇ?” ಎಂದು ಶಿಷ್ಯ ಕೇಳಿದ. ಅಂದು ಮಠಕ್ಕೆ ಬಂದಿದ್ದ ಪಂಡಿತರೊಬ್ಬರು ಅವನ ಬರವಣಿಗೆಯನ್ನು ಹೊಗಳಿ ಹೋಗಿದ್ದರು. ಕೇಳಿ ಹಿಗ್ಗಿದ್ದ. ಹಿಗ್ಗಿದೆನಲ್ಲ ಎಂದು ಆಮೇಲೆ ಅಳುಕಿದ್ದ.

ಗುರು ಈ ಕತೆ ಹೇಳಿದರು.

ಉತ್ತರ ದೇಶದ ಒಂದು ಬೆಟ್ಟದ ಬುಡದಲ್ಲಿ ಒಂದು ಹಳ್ಳಿಯಿತ್ತು. ಬೆಟ್ಟದ ನೆತ್ತಿಯ ಮೇಲೆ ಪೂಜೆಗೊಳ್ಳುವ ಒಂದು ಕಲ್ಲು. ಅದನ್ನು ಮುಟ್ಟಿ ಬರುತ್ತೇವೆಂದು ಹರಕೆ ಹೊತ್ತವರು ಚೈತ್ರದಲ್ಲಿ ಬರುತ್ತಿದ್ದರು. ಕೆಳಗೆ ಗಿಡಗಳು ಚಿಗುರಿದರೂ ಮೇಲೆ ಹಿಮ ಹಾಗೆಯೇ ಇರುತ್ತಿತ್ತು. ಬಿಸಿಲು ಬಿದ್ದಾಗ ನೀರೊಡೆಯುವುದು, ನೆರಳು ಬಿದ್ದಾಗ ಗಾಜಾಗುವುದು. ಅಲ್ಲಿ ಬರಿಗಾಲ ನಂಬಿಕೆ ನಡೆಯದು. ಆದ್ದರಿಂದ ಹಳ್ಳಿಯವನೊಬ್ಬ ಪಿಕಾಸಿ ಹಿಡಿದು, ಹಿಮದಲ್ಲಿ ಮೆಟ್ಟಿಲು ಕಡಿಯುತ್ತ ಮುಂದೆ ಹತ್ತುತ್ತಿದ್ದ. ಉಳಿದವರು ಅವನ ಹಿಂದೆ.

ಆ ಪಿಕಾಸಿ ಊರಿನದು. ಅದು ಯಾರ ಮನೆಯಲ್ಲಿರಬೇಕು ಎನ್ನುವುದಕ್ಕೆ ಒಂದು ಕಟ್ಟಳೆಯಿತ್ತು. ವರ್ಷದ ಮೊದಲ ಏರಿಕೆಯಲ್ಲಿ ಮೆಟ್ಟಿಲು ಕಡಿದವನು ತಾನೂ ಕಲ್ಲು ಮುಟ್ಟಿ ಬಂದರೆ ಪಿಕಾಸಿ ಅವನ ಮನೆಯಲ್ಲೇ ಉಳಿಯುವುದು. ಮುಟ್ಟದೆ ಇಳಿದರೆ ನೆರೆಮನೆಗೆ ಹೋಗುವುದು. ಆಗ ಮೂರು ತಲೆಮಾರಿನಿಂದ ಅದು ಒಂದೇ ಮನೆಯಲ್ಲಿತ್ತು. ಆ ಮನೆಯವನಿಗೆ ಐವತ್ತು ದಾಟಿತ್ತು. ಅವನನ್ನು ಹೆಸರು ಹಿಡಿದು ಕರೆದವರಿಲ್ಲ. ಪಿಕಾಸಿಯಣ್ಣ ಎಂದೇ ಕರೆಯುತ್ತಿದ್ದರು. ಆ ಹೆಸರು ಕೇಳಿದಾಗಲೆಲ್ಲ ಅವನ ಬೆನ್ನು ತಾನಾಗಿ ನೆಟ್ಟಗಾಗುತ್ತಿತ್ತು.

ಅವನ ಕೆಲಸಕ್ಕೆ ಒಂದು ರೀತಿಯಿತ್ತು. ಹೊರಡುವ ಮೊದಲು ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ, ಅವರಲ್ಲಿ ಅತಿ ಗಿಡ್ಡ ಕಾಲಿನವರನ್ನು ಹತ್ತು ಹೆಜ್ಜೆ ನಡೆಸುತ್ತಿದ್ದ. ಅವರ ಹೆಜ್ಜೆಯನ್ನು ಪಿಕಾಸಿಯ ಮರದ ಕಾವಿನಿಂದ ಅಳೆಯುತ್ತಿದ್ದ. ಅಂದಿನ ಮೆಟ್ಟಿಲೆಲ್ಲ ಆ ಅಳತೆಗೇ.

ಆ ವರ್ಷ ಬಂದವರು ಹನ್ನೊಂದು ಜನ. ಅವರಲ್ಲಿ ಒಬ್ಬ ವ್ಯಾಪಾರಿ, ಅವನ ಮುದಿ ತಾಯಿ. ಆ ತಾಯಿಯ ಹೆಜ್ಜೆ ಒಂದೂವರೆ ಗೇಣು. ಪಿಕಾಸಿಯಣ್ಣ ಅಳೆಯುವುದನ್ನು ಬೇಲಿಯ ಮೇಲಿಂದ ನೋಡುತ್ತಿದ್ದ ನೆರೆಮನೆಯವನು ನಕ್ಕ.

“ಏನಣ್ಣಾ, ಈ ಸಲ ಕೋಳಿಗೆ ಮೆಟ್ಟಿಲೋ? ನೀನು ಮೂರು ಕಡಿಯುವಲ್ಲಿ ನಾನಾದರೆ ಒಂದು ಕಡಿದು, ಬಿಸಿಲೇರುವ ಮೊದಲೇ ನೆತ್ತಿಯ ಮೇಲೆ ಕೂತಿರುತ್ತಿದ್ದೆ.”

“ಕೂತಿರುತ್ತಿದ್ದೆ, ನೀನೊಬ್ಬನೇ,” ಎಂದ ಇವನು.

ನಸುಕಿನಲ್ಲಿ ಹೊರಟರು. ಹಿಮ ಕಲ್ಲಿನಂತಿತ್ತು. ಒಂದೊಂದು ಮೆಟ್ಟಿಲಿಗೂ ನಾಲ್ಕು ಏಟು, ಐದನೆಯದು ಒಳಗಡೆಗೆ ಕೊಂಚ ಇಳಿಜಾರು ಮಾಡಲು. ಒಂದೂವರೆ ಗೇಣಿಗೊಂದರಂತೆ ಕಡಿಯುತ್ತ ಹೋದ. ಕಡಿದಷ್ಟೂ ಬೆಟ್ಟ ಉಳಿಯಿತು. ಹಿಮದ ಇಳಿಜಾರು ಮುಗಿದು ಬಂಡೆಗೆ ಕಾಲಿಡುವ ಹೊತ್ತಿಗೆ ಸೂರ್ಯ ಬೆಟ್ಟದ ನೆತ್ತಿಯ ಹತ್ತಿರ ಬಂದಿದ್ದ.

ಅಲ್ಲಿಂದ ಮುಂದೆ ಹಿಮವಿಲ್ಲ. ಒಣ ಬಂಡೆ. ಮೆಟ್ಟಿಲಿನ ಅಗತ್ಯವೂ ಇಲ್ಲ. ಕಲ್ಲು ಕಣ್ಣಿಗೆ ಕಾಣುತ್ತಿತ್ತು, ಒಂದು ಕೂಗಳತೆ ದೂರ. ಮುದುಕಿಯ ನಡಿಗೆಗೆ ಹೋಗಿ ಬರಲು ಒಂದು ತಾಸು.

ಅವನು ಕಲ್ಲನ್ನು ನೋಡಿದ. ಅಜ್ಜ ಮುಟ್ಟಿದ ಕಲ್ಲು, ಅಪ್ಪ ಮುಟ್ಟಿದ ಕಲ್ಲು. ಆಮೇಲೆ ತಿರುಗಿ ತನ್ನ ಮೆಟ್ಟಿಲುಗಳನ್ನು ನೋಡಿದ. ಬಿಸಿಲಿಗೆ ಅವುಗಳ ಅಂಚು ಕರಗಿ ಹುಳುಕು ಹಲ್ಲಿನಂತಾಗಿದ್ದವು. ಒಂದೊಂದರಲ್ಲೂ ಬೊಗಸೆ ನೀರು. ಇನ್ನೊಂದು ತಾಸಿಗೆ ಸೂರ್ಯ ಶಿಖರದ ಹಿಂದಕ್ಕೆ ಸರಿಯುವನು, ಇಳಿಜಾರಿಗೆ ನೆರಳು ಬೀಳುವುದು, ಆ ನೀರು ಗಾಜಾಗುವುದು. ಇಳಿಯುವವರ ಕಾಲು ಅದರ ಮೇಲೆ. ಬಿಸಿಲಿಗೆ ಹಿಮ ಮೆತ್ತಗಿರುವ ಈಗಲೇ ಇಳಿಯುತ್ತ ಪಕ್ಕದಲ್ಲಿ ಹೊಸ ಸಾಲು ಕಡಿದರೆ ಒಂದೊಂದು ಏಟೇ ಸಾಕು, ಅವರು ಮರಳುವ ಹೊತ್ತಿಗೆ ದಾರಿಯಿರುತ್ತದೆ. ಒಬ್ಬನೇ ಬೇಗ ಹೋಗಿ ಕಲ್ಲು ಮುಟ್ಟಿ ಬಂದು ಕಡಿಯುತ್ತೇನೆಂದರೂ ಹೊತ್ತು ಮೀರುತ್ತದೆ.

ಇಂಥ ಮೆಟ್ಟಿಲನ್ನು ನನ್ನದೆಂದು ಹೇಗೆ ಹೇಳಲಿ ಎಂದುಕೊಂಡ. “ನೀವು ಹೋಗಿ ಬನ್ನಿ,” ಎಂದು ಅವರನ್ನು ಮುಂದೆ ಕಳಿಸಿ, ಬೆಟ್ಟಕ್ಕೆ ಮುಖ ಮಾಡಿ ಹಿಂದಕ್ಕೆ ಇಳಿಯತೊಡಗಿದ. ಹತ್ತುತ್ತ ಕಡಿಯುವುದಕ್ಕಿಂತ ಇಳಿಯುತ್ತ ಕಡಿಯುವುದು ಎರಡು ಪಟ್ಟು ಕಷ್ಟ. ಅಂಗೈ ಒಡೆದು ಕಾವಿಗೆ ರಕ್ತ ಹತ್ತಿತು. ಅಳತೆ ಮಾತ್ರ ಒಂದೂವರೆ ಗೇಣೇ.

ಹನ್ನೊಂದು ಜನ ಕಲ್ಲು ಮುಟ್ಟಿ ಮರಳಿದರು. ಹಳೆಯ ಸಾಲು ಆಗಲೇ ಮಿರಮಿರನೆ ಹೊಳೆಯುತ್ತಿತ್ತು. ಹೊಸ ಸಾಲಿನ ಮೇಲೆ ಒಬ್ಬೊಬ್ಬರಾಗಿ ಇಳಿದರು. ಮುದುಕಿ ಕೆಳಗಿನ ಮೆಟ್ಟಿಲಿಗೆ ಬಂದಾಗ ಒಮ್ಮೆ ನಿಂತಳು. “ನಮ್ಮ ಮನೆಯ ಮೆಟ್ಟಿಲೂ ಇಷ್ಟು ಹದವಾಗಿಲ್ಲಪ್ಪ,” ಎಂದಳು. ಅವನು ಕೈಯ ರಕ್ತವನ್ನು ಹಿಮಕ್ಕೆ ಒರೆಸಿಕೊಂಡ.

ಊರಿನ ಕಟ್ಟಳೆಯ ವಿಷಯ ವ್ಯಾಪಾರಿಯ ಕಿವಿಗೂ ಬಿದ್ದಿತ್ತು. ಅವನು ಪಿಕಾಸಿಯಣ್ಣನನ್ನು ಪಕ್ಕಕ್ಕೆ ಕರೆದು ಹೇಳಿದ: “ಮುಟ್ಟಿದೆ ಅಂದುಬಿಡು ಮಾರಾಯ. ಸಾಕ್ಷಿಗೆ ನಾವು ಹನ್ನೊಂದು ಜನ ಇದ್ದೇವೆ.”

“ಹನ್ನೆರಡನೆಯವನೊಬ್ಬ ಇದ್ದಾನಲ್ಲ ಧಣಿ. ಅವನನ್ನು ಒಪ್ಪಿಸುವುದು ಕಷ್ಟ.”

ಊರಿನ ಹಿರಿಯ ಎಲ್ಲರೆದುರು ಕೇಳಿದ, “ಕಲ್ಲು ಮುಟ್ಟಿದೆಯಾ?” ಇವನು ಇಲ್ಲವೆಂದ. ಯಾಕೆ ಎಂದು ಕೇಳುವ ಪದ್ಧತಿ ಆ ಊರಲ್ಲಿರಲಿಲ್ಲ, ಹೇಳುವ ಪದ್ಧತಿ ಇವನಲ್ಲಿರಲಿಲ್ಲ. ತಾನೇ ನೆರೆಮನೆಯವನ ಬಳಿಗೆ ಹೋಗಿ ಪಿಕಾಸಿಯನ್ನು ಅವನ ಕೈಗಿಟ್ಟ. “ಕಾವು ಕೊಂಚ ಸಡಿಲವಾಗಿದೆ, ನೀರಲ್ಲಿ ನೆನೆಹಾಕು,” ಎಂದ. ನೆರೆಮನೆಯವನ ತಲೆ ಬಗ್ಗಿತ್ತು. ಇವನು ಬರಿಗೈಯಲ್ಲಿ, ಊರ ನಡುವಿನ ಬೀದಿಯಲ್ಲೇ, ಯಾವ ವರ್ಷವೂ ನಡೆಯದಷ್ಟು ನೆಟ್ಟಗೆ ನಡೆದು ಮನೆಗೆ ಹೋದ.

ಗುರು ಕತೆ ನಿಲ್ಲಿಸಿದರು. ಶಿಷ್ಯನ ಮುಖ ತಿಳಿಯಾಯಿತು.

“ತಿಳಿಯಿತು ಗುರುಗಳೇ. ಅವನು ಹೆಮ್ಮೆಯನ್ನು ಬಿಟ್ಟವನು.”

“ಬಿಟ್ಟಿದ್ದರೆ ಕಲ್ಲು ಮುಟ್ಟಿ ಬರುತ್ತಿದ್ದ,” ಎಂದರು ಗುರು.