ಹುಲಿಗಿ ಕೇಳಿದ್ದು

ದಳವಾಯಿಯೊಬ್ಬ ಅರಸನನ್ನು ಸೆರೆಗೆ ತಳ್ಳಿ ತಾನೇ ನಾಡನ್ನು ಆಳುತ್ತಿದ್ದ.

ಹೊಸ ಕೋಟೆಗಾಗಿ ಊರೂರಿನ ಕಲ್ಲುಕುಟಿಗರನ್ನೆಲ್ಲ ಒಂದೇ ಗುಡ್ಡಕ್ಕೆ ತಂದು ಹಾಕಿದ್ದ. ಅಲ್ಲಿ ಇಬ್ಬರು ನಿಂತು ಮಾತಾಡುವಂತಿರಲಿಲ್ಲ. ಬೆಳಿಗ್ಗೆ ಸಾಲಾಗಿ ನಿಂತು, "ದಳವಾಯಿ ಉಂಡರೆ ನಾಡೇ ಉಂಡಂತೆ" ಎಂದು ಕೂಗಬೇಕು. ಕೂಗಿದವರಿಗಷ್ಟೇ ಅಂದಿನ ಜೋಳ.

ಅವರ ಮಕ್ಕಳಿಗೆ ಗುಡ್ಡದ ಕೆಳಗೊಂದು ಶಾಲೆ. ಗಾದಿಲಿಂಗ ಅಲ್ಲಿಯ ಮೇಷ್ಟ್ರು. ಮೊದಲ ಪಾಠ ಅದೇ ಕೂಗು. ಎರಡನೆಯದು, ಸುಳ್ಳು ಹೇಳಬಾರದು. ಮನೆಯವರು ಮಾಡಿದ್ದು, ಆಡಿದ್ದು ಎಲ್ಲವನ್ನೂ ಕಾವಲು ಠಾಣೆಗೆ ತಿಳಿಸಬೇಕು.

ಒಂದು ದಿನ ಗಾದಿಲಿಂಗ ಹೊಳೆದಂಡೆಯ ಗುಡಿಸಲಿಗೆ ಓಡಿಬಂದ. ಅವನಿಗೆ ಅಕ್ಷರ ಕಲಿಸಿದ ಗುರು ಮರುಳಯ್ಯಜ್ಜ ಊಟಕ್ಕೆ ಕೂತಿದ್ದರು.

"ಅಜ್ಜಾ, ನನ್ನ ಶಾಲೆಯಲ್ಲಿ ಹುಲಿಗಿ ಅಂತ ಒಂಬತ್ತು ವರ್ಷದ ಹುಡುಗಿ. ಕೂಗುವಾಗ ಅಪ್ಪನ ತುಟಿ ಅಲ್ಲಾಡಲಿಲ್ಲ ಅಂತ ಠಾಣೆಗೆ ಹೇಳಿದಳು. ಅವನನ್ನು ಎಳೆದುಕೊಂಡು ಹೋದರು. ಅವಳ ಕೊರಳಿಗೆ ಹಾರ ಹಾಕಿದರು."

"ಆಮೇಲೆ?"

"ಇವತ್ತು ಆ ಹಾರ ಹಾಕಿಕೊಂಡೇ ಬಂದು ಕೇಳಿದಳು. 'ಮೇಷ್ಟ್ರೇ, ನಾನು ನಿಜಾನೇ ಹೇಳಿದೆ. ಅಪ್ಪ ಯಾವಾಗ ಬರ್ತಾನೆ?' ನಿಜ ಹೇಳು ಅಂತ ಕಲಿಸಿದ್ದು ತಪ್ಪೇ ಅಜ್ಜಾ?"

ಅಜ್ಜ ಗಂಗಾಳದಲ್ಲಿದ್ದ ಎರಡೂ ರೊಟ್ಟಿಗಳನ್ನು ನಿಧಾನವಾಗಿ ತಿಂದು ಮುಗಿಸಿದರು. ಶಿಷ್ಯನಿಗೆ ಒಂದು ತುಣುಕನ್ನೂ ಕೊಡಲಿಲ್ಲ. ಎಂದೂ ಹಾಗೆ ಮಾಡಿದವರಲ್ಲ.

ಕೈ ತೊಳೆದು ಕೇಳಿದರು. "ಹೊಟ್ಟೆ ತುಂಬಿತೇ?"

"ಯಾರದು ಅಜ್ಜಾ?"

"ನಿನ್ನದು."

ಗಾದಿಲಿಂಗ ಬೆಪ್ಪಾಗಿ ಕೈಮುಗಿದು, ಹಸಿದ ಹೊಟ್ಟೆಯಲ್ಲೇ ಹಿಂತಿರುಗಿದ.

ಮರುದಿನ ಮಕ್ಕಳು ಎದ್ದು ನಿಂತು ಕೂಗಿದರು. ಗಾದಿಲಿಂಗನೂ ಬಾಯಿ ತೆರೆದ. ಅಜ್ಜನ ಖಾಲಿ ಗಂಗಾಳ ನೆನಪಾಗಿ 'ಉಂಡಂತೆ' ಎಂಬ ಮಾತು ಹೊರಡಲಿಲ್ಲ. ಹೆದರಿದ್ದೋ, ಹೇಸಿದ್ದೋ, ಅವನಿಗೇ ಗೊತ್ತಾಗಲಿಲ್ಲ.

ಶಾಲೆ ಬಿಟ್ಟ ಮೇಲೆ ಹುಲಿಗಿ ಒಬ್ಬಳೇ ಉಳಿದಳು.

"ಮೇಷ್ಟ್ರೇ, ಇವತ್ತು ನೀವು ಕೂಗಲಿಲ್ಲ."

"ಹೌದವ್ವಾ."

"ಠಾಣೆಗೆ ಹೇಳಲಾ?"

ಬೇಡ ಅಂದರೆ ತಾನು ಕಲಿಸಿದ್ದೇ ಸುಳ್ಳಾಗುತ್ತದೆ. ಹೇಳು ಅಂದರೆ ಸಂಜೆಯೊಳಗೆ ತನ್ನ ಕೈಗೂ ಬೇಡಿ. ಗಾದಿಲಿಂಗ ಗೋಡೆಗೊರಗಿ ಕುಳಿತುಬಿಟ್ಟ.

"ನನಗೆ ತಿಳೀತಿಲ್ಲವ್ವಾ."

ಮೇಷ್ಟ್ರ ಬಾಯಲ್ಲಿ ಆ ಮಾತನ್ನು ಅವಳು ಎಂದೂ ಕೇಳಿರಲಿಲ್ಲ. ಆಮೇಲೆ ಠಾಣೆಯ ದಾರಿ ಬಿಟ್ಟು ಮನೆಯ ದಾರಿ ಹಿಡಿದಳು.

ಗಾದಿಲಿಂಗ ನೇರ ಹೊಳೆದಂಡೆಗೆ ಹೋದ.

"ಬದುಕಿಕೊಂಡೆ ಅಜ್ಜಾ. ಆದರೆ ತಲೆ ಇನ್ನೂ ಗೊಂದಲದ ಗೂಡು. ಅಪ್ಪನ ವಿಷಯದಲ್ಲಿ ನಿಜ ಹೇಳಿದಳು, ಅವನನ್ನು ಕಳೆದುಕೊಂಡಳು. ನನ್ನ ವಿಷಯದಲ್ಲಿ ಸುಮ್ಮನಾದಳು, ನಾನು ಉಳಿದೆ. ನಾಳೆಯಿಂದ ಅವಳಿಗೆ ಏನು ಕಲಿಸಲಿ?"

"ಕಲಿಸುವುದು ಇರಲಿ. ಅವಳು ನಿನ್ನನ್ನು ಕೇಳಿದ್ದೇನು?"

"ಅಪ್ಪ ಯಾವಾಗ ಬರುತ್ತಾನೆ ಅಂತ."

"ಗೊತ್ತೇ ನಿನಗೆ?"

"ಇಲ್ಲ. ನಿಮಗೆ?"

"ನನಗೂ ಗೊತ್ತಿಲ್ಲ."

ಅಜ್ಜ ಗೋಡೆ ಹಿಡಿದು ಎದ್ದರು. ನಾಲ್ಕು ವರ್ಷಗಳಿಂದ ಆ ದಂಡೆ ಬಿಟ್ಟು ಕದಲದವರು ಮೆಟ್ಟು ಮೆಟ್ಟಿ, ಕೋಲು ಕೈಗೆ ತೆಗೆದುಕೊಂಡರು.

"ಎಲ್ಲಿಗೆ ಅಜ್ಜಾ?"

"ಠಾಣೆಗೆ. ಗೊತ್ತಿರುವವರನ್ನು ಕೇಳೋಣ."

ಗಾದಿಲಿಂಗ ಬಾಗಿಲಿಗೆ ಅಡ್ಡ ನಿಂತ. "ಹಾಗೆ ಕೇಳಲು ಹೋದವರು ಒಬ್ಬರೂ ತಿರುಗಿ ಬಂದಿಲ್ಲ ಅಜ್ಜಾ!"

"ಬಲ್ಲೆ. ನೀನೂ ಬರುತ್ತೀಯೋ, ನಾನೊಬ್ಬನೇ ಹೋಗಲೋ?"