ಹೊನ್ನಮ್ಮಜ್ಜಿಯ ಬೊಚ್ಚುಬಾಯಿ ನಗು

ಫೋಟೋ ತೆಗೆಯುವ ಷಡಕ್ಷರಿಯ ಚೀಲದಲ್ಲಿ ಎರಡು ಕ್ಯಾಮೆರಾಗಳಿದ್ದವಂತೆ. ದೊಡ್ಡದಕ್ಕೆ ಅಗಲವಾದ ಕಣ್ಣು, ನಿಲ್ಲಲು ಮೂರು ಕಾಲು. ಸಣ್ಣದು ಅಂಗೈಯಗಲ, ದೊಡ್ಡದರಂತೆ ಹೊಟ್ಟೆಯೊಳಗೆ ಖಟಕ್ಕೆಂದು ಮೇಲೇಳುವ ಕನ್ನಡಿಯಿಲ್ಲ, ಹಾಗಾಗಿ ಬಾಯಲ್ಲಿ ಸದ್ದಿಲ್ಲ. ನಾಮಕರಣದ ಮನೆಯಲ್ಲಿ ಬಾಣಂತಿಗೆ ಒಂದೇ ಆಸೆ: ಮುತ್ತಜ್ಜಿ ಹೊನ್ನಮ್ಮ ನಗುವ ಫೋಟೋ ಒಂದಾದರೂ ಮಗುವಿಗೆ ಉಳಿಯಬೇಕು.

"ನೀನು ಸುಮ್ಮನಿರು ತಮ್ಮಾ. ಕೂದಲೆಳೆಯನ್ನೂ ಬಿಡದೆ ನೋಡುವ ಕಣ್ಣು ನನ್ನದು," ಎಂದು ದೊಡ್ಡದು ಎದುರು ಹೋಗಿ ನಿಂತಿತು. ಅದನ್ನು ಕಂಡದ್ದೇ ತಡ, ಅಜ್ಜಿ ಹಲ್ಲಿಲ್ಲದ ಬಾಯಿಗೆ ಸೆರಗು ಮುಚ್ಚಿದಳು. ಎಲ್ಲರೂ ಬೇಡಿಕೊಂಡರೂ ಸೆರಗು ಇಳಿಯಲಿಲ್ಲ.

ಷಡಕ್ಷರಿ ಸಣ್ಣದನ್ನು ಚೀಲದಿಂದ ಅಂಗೈಗೆ ತೆಗೆದುಕೊಂಡ. ಅಷ್ಟರಲ್ಲಿ ಸೋದರತ್ತೆ ತೊಟ್ಟಿಲಿಗೆ ಬಗ್ಗಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿದಳು. ಪದ್ಧತಿಯಂತೆ ಹೆಂಗಸರೆಲ್ಲ ಅವಳ ಬೆನ್ನಿಗೆ ಗುದ್ದತೊಡಗಿದರು. ತನ್ನದೂ ಒಂದು ಗುದ್ದಿರಲಿ ಎಂದು ಅಜ್ಜಿ ಸೆರಗು ಬಿಟ್ಟು ನುಗ್ಗಿದಳು, ಗುದ್ದಿ ಬಾಯ್ತುಂಬ ನಕ್ಕಳು. ದೊಡ್ಡದು ಕತ್ತು ತಿರುಗಿಸುವಷ್ಟರಲ್ಲಿ, ಷಡಕ್ಷರಿಯ ಅಂಗೈಯಲ್ಲಿ ಕೂತಿದ್ದ ಸಣ್ಣದು ಆ ನಗುವನ್ನು ಗಬಕ್ಕನೆ ಹಿಡಿದಿತ್ತು.

"ಫೋಟೋ ತುಂಬ ರವೆ ಚೆಲ್ಲಿದ ಹಾಗೆ ಚುಕ್ಕೆಚುಕ್ಕೆ," ಎಂದು ದೊಡ್ಡದು ಮೂಗು ಮುರಿಯಿತು. "ಆದರೂ ನಿನಗೆ ಸಿಕ್ಕಿದ್ದು ನನಗೇಕೆ ಸಿಗಲಿಲ್ಲ?"

"ನೀನು ಚೆನ್ನಾಗಿಯೇ ನೋಡುತ್ತೀಯಣ್ಣ. ನೀನು ನೋಡುತ್ತಿದ್ದೀಯೆಂದು ಊರಿಗೆಲ್ಲ ಗೊತ್ತಾಗುತ್ತದೆ, ಅಷ್ಟೇ."

ಷಡಕ್ಷರಿ ಸಣ್ಣದರ ಬೆನ್ನಿನ ಪರದೆಯಲ್ಲಿ ಫೋಟೋ ತೋರಿಸಿದಾಗ ಅಜ್ಜಿ ತನ್ನ ನಗುವನ್ನು ತಾನೇ ನೋಡಿಕೊಂಡಳು. ಕೈ ಸೆರಗಿಗೆ ಹೋಗಿ ಅಲ್ಲೇ ನಿಂತಿತು.

"ಮಗೂದೂ ಬೊಚ್ಚುಬಾಯಿ, ನಂದೂ ಬೊಚ್ಚುಬಾಯಿ. ಮುಚ್ಚೋದೇನಿದೆ? ಆ ದೊಡ್ಡದನ್ನೂ ತಾರಪ್ಪ, ಹಲ್ಲಿಲ್ಲದ್ದು ಸರಿಯಾಗಿ ಕಾಣಲಿ," ಎಂದಳು.