ಹುಳುಮನೆಯಲ್ಲಿ ಮಲಗಿದ ಹುಡುಗಿ

ಬೈರೆಡ್ಡಿ ಎಂಬ ರೈತನಿದ್ದ. ರೇಷ್ಮೆಹುಳು ಸಾಕುವುದು ಅವನ ಕಸುಬು. ಹತ್ತನೇ ಕ್ಲಾಸಿನ ಮಗಳನ್ನು ಓದಿಸುವುದು ಅವನ ಹಟ. ಕಸುಬು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಟದ ಕಥೆ ಹೇಳುತ್ತೇನೆ, ಕೇಳಿ.

ರೇಷ್ಮೆಹುಳು ನೋಡದವರಿಗೆ ಮೊದಲು ಒಂದು ಮಾತು. ಈ ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಮೇವು ಬಿಟ್ಟು, ತಲೆ ಎತ್ತಿಕೊಂಡು, ಅಲ್ಲಾಡದೆ ನಿದ್ದೆ ಹೋಗುತ್ತದೆ. ಆ ನಿದ್ದೆಯಲ್ಲೇ ಹಳೆ ಚರ್ಮ ಕಳಚಿ ದೊಡ್ಡದಾಗುತ್ತದೆ. ರೈತರು ಇದಕ್ಕೆ ಜ್ವರ ಅನ್ನುತ್ತಾರೆ. ಜ್ವರಕ್ಕೆ ಕೂತ ಹುಳುವನ್ನು ಮುಟ್ಟಬಾರದು, ಸೊಪ್ಪು ಹಾಕಬಾರದು. ಅವು ತಾವಾಗಿ ಏಳುವ ತನಕ ಬಾಯಿ ಮುಚ್ಚಿಕೊಂಡು ಕಾಯಬೇಕು.

ಕಾಯುವುದರಲ್ಲಿ ಬೈರೆಡ್ಡಿಯನ್ನು ಮೀರಿಸುವವರಿರಲಿಲ್ಲ. ಹುಳು ಜ್ವರಕ್ಕೆ ಕೂತವು ಅಂದರೆ ಹುಳುಮನೆಯ ಬಾಗಿಲು ಮುಂದಕ್ಕೆ ಎಳೆದುಬಿಡುತ್ತಿದ್ದ. ಅದರ ಹತ್ತಿರ ಯಾರಾದರೂ ಕೆಮ್ಮಿದರೂ ಗುರ್ ಅನ್ನುತ್ತಿದ್ದ. ಒಂದು ಸಲ ಬೀಗರು ಬಂದವರು ಜಗುಲಿಯಲ್ಲಿ ಜೋರಾಗಿ ನಕ್ಕರು ಅಂತ ಅವರನ್ನು ಎಬ್ಬಿಸಿಕೊಂಡು ಹೋಗಿ ಬೀದಿಯ ಹುಣಸೇಮರದ ಕೆಳಗೆ ಕೂರಿಸಿ ಕಾಫಿ ಕೊಟ್ಟಿದ್ದ. ಬೀಗರು ಇವತ್ತಿಗೂ ಅದನ್ನು ಮರೆತಿಲ್ಲ.

ಇನ್ನು ಮಗಳು. ಹೆಸರು ಭಾರ್ಗವಿ. ಒಂಬತ್ತನೇ ಕ್ಲಾಸಿನವರೆಗೆ ಲೆಕ್ಕದಲ್ಲಿ ಅವಳನ್ನು ಹಿಡಿಯುವವರೇ ಇರಲಿಲ್ಲ. ಹತ್ತಕ್ಕೆ ಕಾಲಿಟ್ಟಳು, ಶುರುವಾಯಿತು ನೋಡಿ. ಆ ಊರಿನ ಹೈಸ್ಕೂಲಿನಲ್ಲಿ ಒಂದು ಪದ್ಧತಿ. ಬೆಳಗ್ಗೆ ಐದಕ್ಕೆ ಮೇಷ್ಟ್ರು ಹತ್ತನೇ ಕ್ಲಾಸಿನ ಮಕ್ಕಳ ಮನೆಮನೆಗೆ ಫೋನು ಮಾಡಿ, "ಮಗು ಎದ್ದಿದೆಯಾ?" ಅಂತ ಕೇಳುತ್ತಿದ್ದರು. ಬೈರೆಡ್ಡಿಗೆ ಬರೀ "ಎದ್ದಿದೆ" ಅಂದರೆ ಸಾಲದು. "ಎದ್ದು ಆಗಲೇ ಒಂದು ಗಂಟೆ ಆಯ್ತು ಸಾರ್" ಅನ್ನಬೇಕು. ಆ ಒಂದು ಮಾತಿನ ಜಂಬಕ್ಕೆ ನಾಲ್ಕಕ್ಕೇ ಮಗಳ ಹೊದಿಕೆ ಎಳೆಯುತ್ತಿದ್ದ. ಟ್ಯೂಷನ್ನು, ಹೋಂವರ್ಕು ಅಂತ ಅವಳು ಮಲಗುವಷ್ಟರಲ್ಲಿ ರಾತ್ರಿ ಹನ್ನೊಂದು. ನೀವೇ ಲೆಕ್ಕ ಹಾಕಿ, ಐದು ಗಂಟೆ ನಿದ್ದೆ. ಈ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ಬೇಕು ಅಂತ ಡಾಕ್ಟರುಗಳು ಬಾಯಿ ಬಾಯಿ ಬಡಿದುಕೊಳ್ಳುತ್ತಾರೆ. ಕೇಳುವವರು ಯಾರು ಸ್ವಾಮೀ?

ಪೂರ್ವಸಿದ್ಧತಾ ಪರೀಕ್ಷೆ ಬಂತು. ಲೆಕ್ಕದ ದಿನ ಭಾರ್ಗವಿ ಮೂರನೇ ಪುಟಕ್ಕೇ ತೂಕಡಿಸಿಬಿಟ್ಟಳು. ಗೊತ್ತಿದ್ದ ಲೆಕ್ಕವೇ. ಅರ್ಧಕ್ಕೆ ಕೈ ಜಾರಿ, ಪೆನ್ನಿನ ಗೀಟು ಪುಟದ ತುದಿಯ ತನಕ ಎಳೆದುಕೊಂಡು ಹೋಗಿತ್ತು. ಎಚ್ಚರವಾದಾಗ ಮೇಷ್ಟ್ರು ಪೇಪರು ಕಸಿಯುತ್ತಿದ್ದರು. ಶನಿವಾರ ಉತ್ತರಪತ್ರಿಕೆ ಕೈಗೆ ಬಂತು. ಲೆಕ್ಕದಲ್ಲಿ ಪಾಸಾಗಿದ್ದೇ ಹೆಚ್ಚು.

ಆ ಗೀಟು ನೋಡಿದ ಯಾವ ತಂದೆಗಾದರೂ ಏನು ಅರ್ಥ ಆಗಬೇಕು? ಮಗುವಿಗೆ ನಿದ್ದೆ ಸಾಲದು ಅಂತ ತಾನೆ? ಬೈರೆಡ್ಡಿ ಏನಂದ ಗೊತ್ತಾ?

"ನಾಳೆಯಿಂದ ಮೂರೂವರೆಗೆ ಏಳಬೇಕು."

ಅಯ್ಯೋ ಶಿವನೇ! ಗಾಯದ ಮೇಲೆ ಬರೆ ಎಳೆಯುವುದು ಅಂದರೆ ಇದೇ.

"ಅಪ್ಪಾ, ಓದಿದ್ದು ತಲೇಲಿ ನಿಲ್ತಿಲ್ಲ. ಕಣ್ಣು ಉರಿಯುತ್ತೆ," ಅಂದಳು ಮಗಳು.

"ನಿದ್ದೆ ಮಾಡಿ ಉದ್ಧಾರ ಆದವರನ್ನ ನಾನು ಕಂಡಿಲ್ಲ."

"ನನಗೆ ಸಾಕಾಗಿಹೋಗಿದೆ ಅಪ್ಪಾ."

ಆ ಮಾತು ಅವನ ಕಿವಿಗೆ ಬಿತ್ತು, ತಲೆಗೆ ಇಳಿಯಲಿಲ್ಲ. ಅವತ್ತೇ ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಅವನು ಹುಳುಮನೆಯ ಬಾಗಿಲು ಎಳೆಯುವ ಆತುರದಲ್ಲಿದ್ದ.

ಭಾನುವಾರ ಹೇಳಿದ ಹಾಗೆ ಮೂರೂವರೆಗೆ ಮಗಳನ್ನು ಎಬ್ಬಿಸಿ, ಪುಸ್ತಕದ ಮುಂದೆ ಕೂರಿಸಿ, ನೀರು ಹಾಯಿಸಲು ತೋಟಕ್ಕೆ ಹೋದ. ಏಳು ಗಂಟೆಗೆ ಅವನ ಹೆಂಡತಿ ಮುನಿರತ್ನಮ್ಮ ಹಾಲು ತಂದಳು. ಪುಸ್ತಕ ತೆರೆದಿತ್ತು. ಭಾರ್ಗವಿ ಇರಲಿಲ್ಲ.

ಹಿತ್ತಲಲ್ಲಿ ಇಲ್ಲ. ಗೆಳತಿಯ ಮನೆಯಲ್ಲಿ ಇಲ್ಲ. ಬಸ್‌ಸ್ಟ್ಯಾಂಡಿನಲ್ಲೂ ಇಲ್ಲ. ಸುದ್ದಿ ಕೇಳಿ ತೋಟದಿಂದ ಓಡಿಬಂದ ಬೈರೆಡ್ಡಿಗೆ ಆಗ ನಿನ್ನೆಯ ಮಾತು ನೆನಪಾಯಿತು. "ಸಾಕಾಗಿಹೋಗಿದೆ ಅಪ್ಪಾ." ತೋಟದ ಮೂಲೆಯಲ್ಲಿ ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡ ಇತ್ತು. ಪಂಚೆ ಎತ್ತಿ ಕಟ್ಟದೆ ಓಡಿದ. ಹಗ್ಗ ಹಿಡಿದು ನೀರಿಗೆ ಇಳಿದೇಬಿಟ್ಟ. ಕಾಲಲ್ಲಿ ತಡಕಿದ, ಕೈಯಲ್ಲಿ ತಡಕಿದ. "ಅಮ್ಮಣ್ಣೀ, ಅಮ್ಮಣ್ಣೀ" ಅಂತ ಅರಚಿದ. ಅಂಕ, ರ‍್ಯಾಂಕು, ಮೇಷ್ಟ್ರ ಫೋನು, ಯಾವುದಾದರೂ ಆಗ ನೆನಪಿಗೆ ಬಂತಾ? ಒಂದೂ ಇಲ್ಲ. ಮಗಳೊಬ್ಬಳು ಸಿಕ್ಕರೆ ಸಾಕಾಗಿತ್ತು.

ಅಷ್ಟರಲ್ಲಿ ಮನೆ ಕಡೆಯಿಂದ ಮುನಿರತ್ನಮ್ಮ ಓಡಿ ಬಂದು ಕೈಬೀಸಿ ಕರೆದಳು. ಬಾಯಲ್ಲಿ ಕೂಗಲಿಲ್ಲ. ಹತ್ತಿರ ಹೋದರೆ, ಹುಳುಮನೆಯ ಬಾಗಿಲ ಪಕ್ಕ ತೋರಿಸಿದಳು. ಭಾರ್ಗವಿಯ ಚಪ್ಪಲಿ ಅಲ್ಲಿ ಒಂದರ ಪಕ್ಕ ಒಂದು ಇದ್ದವು. ಕಾಲು ತೊಳೆದ ಜಾಗ ಇನ್ನೂ ಒದ್ದೆಯಾಗಿಯೇ ಇತ್ತು. ಜ್ವರದ ಹೊತ್ತಿನಲ್ಲಿ ಹುಳುಮನೆಗೆ ಯಾರೂ ಕಾಲಿಡಬಾರದು ಅಂತ ಅಪ್ಪನ ಕಟ್ಟಪ್ಪಣೆ. ಹಾಗಾಗಿ ಅಲ್ಲಿ ಹುಡುಕಬೇಕು ಅಂತ ಯಾರಿಗೂ ಹೊಳೆದಿರಲಿಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಬೈರೆಡ್ಡಿ ಕೆಸರುಗಾಲಲ್ಲೇ ಒಳಗೆ ನುಗ್ಗಿದ. ಹುಳುಮನೆಗೆ ಅವನು ಕಾಲು ತೊಳೆಯದೆ ಹೋದದ್ದು ಅದೇ ಮೊದಲು. ಮೇಲೆ ತಟ್ಟೆಗಳಲ್ಲಿ ಹುಳುಗಳು ತಲೆ ಎತ್ತಿಕೊಂಡು ಮಲಗಿದ್ದವು. ತಟ್ಟೆಗಳ ಕೆಳಗೆ ಗೋಣಿಚೀಲದ ಮೇಲೆ ಮಗಳು ಮಲಗಿದ್ದಳು. ಬಾಯಿ ಸ್ವಲ್ಪ ತೆರೆದಿತ್ತು. ಉಸಿರು ಏರಿ ಇಳಿಯುತ್ತಿತ್ತು.

ಜೀವ ಬಂತು. ಜೀವ ಬಂದ ಕೂಡಲೇ ಸಿಟ್ಟೂ ಬಂತು. ಅಪ್ಪಂದಿರ ಹಣೆಬರಹವೇ ಇಷ್ಟು. "ಏಯ್..." ಅನ್ನಲು ಬಾಯಿ ತೆರೆದ.

ಮುನಿರತ್ನಮ್ಮ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು. "ಕೂಗಿ, ನೋಡೋಣ. ಹುಳು ಜ್ವರದಲ್ಲಿವೆ."

ತೆರೆದ ಬಾಯಿ ತೆರೆದ ಹಾಗೇ ನಿಂತಿತು.

"ಇಲ್ಲಿಗ್ಯಾಕೆ ಬಂದಳು?" ಅಂತ ಅವನೂ ಪಿಸುಗುಟ್ಟಿದ.

"ಇನ್ನೆಲ್ಲಿಗೆ ಹೋಗ್ತಾಳೆ? ನಮ್ಮನೇಲಿ ಮಲಗಿದವರನ್ನ ಎಬ್ಬಿಸದ ಜಾಗ ಇದೊಂದೇ ಅಲ್ವಾ?"

ಬೈರೆಡ್ಡಿ ಮೇಲೆ ನೋಡಿದ, ಕೆಳಗೆ ನೋಡಿದ. ಹುಳು ನಿದ್ದೆಗೆಟ್ಟರೆ ಗೂಡು ಕಟ್ಟುವುದಿಲ್ಲ ಅಂತ ಊರಿಗೆಲ್ಲ ಪಾಠ ಹೇಳುತ್ತಿದ್ದವನು ಅವನೇ. ಕಣ್ಣಲ್ಲಿ ನೀರು ತುಂಬಿತು. ಹೊರಗೆ ಬಂದು, ಬಾಗಿಲು ಮುಂದಕ್ಕೆ ಎಳೆದು, ಒದ್ದೆ ಪಂಚೆಯಲ್ಲೇ ಹೊಸ್ತಿಲ ಹತ್ತಿರ ಕೂತ.

ಹನ್ನೊಂದಕ್ಕೆ ಮೇಷ್ಟ್ರ ಫೋನು ಬಂತು. ಗಾಬರಿಯಿಂದ ಅದರ ಬಾಯಿ ಮುಚ್ಚಿಸಿ, ಹುಣಸೇಮರದ ತನಕ ಓಡಿ ಮಾತಾಡಿದ.

"ಭಾನುವಾರದ ಸ್ಪೆಷಲ್ ಕ್ಲಾಸಿಗೆ ನಿಮ್ಮ ಮಗಳು ಬಂದಿಲ್ಲವಲ್ಲ?"

"ಮಲಗಿದೆ ಸಾರ್."

"ಎಬ್ಬಿಸಿ ಕಳಿಸಿ ಮತ್ತೆ!"

"ಎಬ್ಬಿಸಲ್ಲ ಸಾರ್. ನಾಳೆಯಿಂದ ಬೆಳಗ್ಗೆ ಐದಕ್ಕೂ ಫೋನು ಮಾಡಬೇಡಿ."

"ಏನ್ರೀ ಬೈರೆಡ್ಡಿ, ಪರೀಕ್ಷೆ ಹತ್ತಿರ ಬಂತು!"

"ಅದಕ್ಕೇ ಸಾರ್," ಅಂದು ಫೋನು ಇಟ್ಟ.

ಭಾರ್ಗವಿ ಎದ್ದದ್ದು ಸಂಜೆಗೆ. ಹೊಸ್ತಿಲಲ್ಲಿ ಅಪ್ಪನನ್ನು ಕಂಡು ಬೆಚ್ಚಿ, ಗೋಡೆಗೆ ಒರಗಿ ನಿಂತಳು. ಹೆತ್ತ ಅಪ್ಪನನ್ನು ಕಂಡು! ಅವನಿಗೆ ಆ ಬೆಚ್ಚಿದ್ದೇ ಬೈಗುಳಕ್ಕಿಂತ ಜಾಸ್ತಿ ನಾಟಿತು. "ಹೋಗು ಅಮ್ಮಣ್ಣಿ, ಊಟ ಮಾಡು," ಅಂದ. ಅವಳು ಎರಡು ಮುದ್ದೆ ಉಂಡಳು. ಎರಡನೆಯದರ ಮಧ್ಯೆ ಕೈ ನಿಲ್ಲಿಸಿ, "ಅಪ್ಪಾ, ಅವತ್ತು ಅರ್ಧಕ್ಕೆ ಬಿಟ್ಟ ಲೆಕ್ಕ ಇದೆಯಲ್ಲ, ಮುಂದಿನದು ಈಗ ಗೊತ್ತಾಯ್ತು," ಅಂದಳು.

ಕೊನೆಗೆ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂತು ಅಂತ ಕೇಳುತ್ತೀರಿ. ಗೊತ್ತು ನನಗೆ, ಕೇಳಿಯೇ ಕೇಳುತ್ತೀರಿ. ಹೇಳುವುದಿಲ್ಲ ಹೋಗಿ. ಹೊಂಡದಲ್ಲಿ ತಡಕಿದ ಅಪ್ಪನಿಗೆ ಮಗಳು ಮನೆಯಲ್ಲೇ ಸಿಕ್ಕಳಲ್ಲ, ಅದು ಸಾಲದಾ ನಿಮಗೆ?

ನೀತಿ: ಹುಳು ಬೆಳೆಯುವುದೂ ನಿದ್ದೆಯಲ್ಲೇ, ಮಕ್ಕಳು ಬೆಳೆಯುವುದೂ ನಿದ್ದೆಯಲ್ಲೇ. ನಿದ್ದೆ ಕಿತ್ತುಕೊಂಡು ಓದಿಸಿದ್ದು ತಲೆಗೆ ಹತ್ತುವುದಿಲ್ಲ. ಮಗು ಮಲಗಲು ಜಾಗ ಹುಡುಕಿಕೊಂಡು ಹೋಗುವ ಹಾಗೆ ಮಾಡಬೇಡಿ. ಇದನ್ನು ಓದಿದ ಮೇಲೆ ನಾಲ್ಕು ಜನಕ್ಕೆ ಕಳಿಸಿ, ಆದರೆ ಬೆಳಗಿನ ಜಾವ ನಾಲ್ಕಕ್ಕೆ ಮಾತ್ರ ಕಳಿಸಬೇಡಿ.